ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಮಾನದಂಡಗಳನ್ನು ಬದಲಿಸುವವರು ಯಾರು? ಸ್ಟೇಕ್‌ಹೋಲ್ಡರ್‌ಗಳ ಮಾತು ಎಲ್ಲಿಗೆ ಮುಟ್ಟುತ್ತದೆ?

ಮೈಸೂರು_ಪ್ಲಾನರ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಕುಡಿಯುವ ನೀರಿನ ಯೋಜನೆಗಳಲ್ಲಿ ಪ್ಲಾನಿಂಗ್ ಕೆಲಸ ಮಾಡುತ್ತೇನೆ. ನಮ್ಮ ಆಫೀಸಿನ ಕೆಲವು ಹುಡುಗರು, ಹುಡುಗಿಯರು ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜರ್‌ಗಳ ಸರ್ಟಿಫಿಕೇಟ್) ಪರೀಕ್ಷೆಗೆ ಓದುತ್ತಿದ್ದಾರೆ. ಅವರಿಗೆ ಹೇಳಿಕೊಡೋಣ ಅಂತ ಪಿಮ್‌ಬಾಕ್ ಗೈಡಿನ (ಯೋಜನೆ ನಡೆಸುವ ಬಗ್ಗೆ ಅಮೆರಿಕದ ಪಿಎಂಐ ಸಂಸ್ಥೆ ತರುವ ಮಾನದಂಡದ ಪುಸ್ತಕ) ಹಳೆಯ, ಹೊಸ ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಒಂದು ವಿಷಯ ಎದ್ದು ಕಂಡಿತು.

1996ರ ಮೊದಲ ಆವೃತ್ತಿಯಲ್ಲಿ 9 ಜ್ಞಾನ ಕ್ಷೇತ್ರ (ವೆಚ್ಚ, ಸಮಯದಂಥ ವಿಷಯ ವಿಭಾಗಗಳು), 37 ಪ್ರೋಸೆಸ್ (ಮಾಡಬೇಕಾದ ಕೆಲಸದ ಕ್ರಮಗಳು). ಸ್ಟೇಕ್‌ಹೋಲ್ಡರ್, ಅಂದರೆ ಯೋಜನೆಯಲ್ಲಿ ತೊಡಗಿರುವವರು ಅಥವಾ ಅದರ ಪರಿಣಾಮ ಆಗುವವರ ಬಗ್ಗೆ ಎರಡನೇ ಅಧ್ಯಾಯದಲ್ಲಿ ಒಂದು ಭಾಗ ಇದೆ, ಅಷ್ಟೇ. 2004ರಲ್ಲಿ ಅವರನ್ನು ನಿಭಾಯಿಸುವ ಒಂದು ಪ್ರೋಸೆಸ್ ಬಂತು, ಅದೂ ಸಂವಹನದ ಅಧ್ಯಾಯದ ಒಳಗೆ. 2008ರಲ್ಲಿ ಅವರು ಯಾರು ಅಂತ ಗುರುತಿಸುವ ಪ್ರೋಸೆಸ್ ಸೇರಿತು. 2013ರ ಐದನೇ ಆವೃತ್ತಿಯಲ್ಲಿ ಅವರಿಗೇ ಪೂರ್ತಿ ಅಧ್ಯಾಯ ಸಿಕ್ಕಿತು. 2021ರ ಏಳನೆಯದಂತೂ ಇಡೀ ಪುಸ್ತಕವನ್ನೇ ಬುಡಮೇಲು ಮಾಡಿತು. ಪ್ರೋಸೆಸ್‌ಗಳ ಜಾಗಕ್ಕೆ 12 ತತ್ವ, 8 ಪರ್ಫಾರ್ಮೆನ್ಸ್ ಡೊಮೇನ್ (ಯೋಜನೆ ಚೆನ್ನಾಗಿ ನಡೆಯಲು ಗಮನ ಕೊಡಬೇಕಾದ ವಲಯಗಳು) ಬಂದವು. ಎಂಟರಲ್ಲಿ ಮೊದಲನೆಯದೇ ಸ್ಟೇಕ್‌ಹೋಲ್ಡರ್. 2025ರ ಎಂಟನೇ ಆವೃತ್ತಿಯಲ್ಲಿ ಪ್ರೋಸೆಸ್‌ಗಳು ಮತ್ತೆ ಬಂದಿವೆ. ಸ್ಟೇಕ್‌ಹೋಲ್ಡರ್ ಡೊಮೇನ್ ಮಾತ್ರ ಹಾಗೇ ಉಳಿದಿದೆ.

ನನ್ನ ಪ್ರಶ್ನೆ ಇಷ್ಟು. ಈ ಬದಲಾವಣೆ ಯಾರು ಮಾಡುತ್ತಾರೆ? ನಮ್ಮಂಥವರ ಅನುಭವ ಅಲ್ಲಿಗೆ ತಲುಪುವ ದಾರಿ ಇದೆಯಾ? ಪೈಪ್‌ಲೈನ್ ಯಾರ ಹೊಲದ ಮೇಲೆ ಹಾದು ಹೋಗುತ್ತದೋ ಆ ರೈತ ಈ ಪುಸ್ತಕ ಓದುವುದಿಲ್ಲ. ಮಾನದಂಡ ಬರೆಯುವ ಕಡೆ ಅವನ ಪರವಾಗಿ ಯಾರಾದರೂ ಕೂತಿರುತ್ತಾರಾ?

ಕರಡು_ಓದುಗ (ಬೆಂಗಳೂರು)

ಒಳ್ಳೆಯ ಪ್ರಶ್ನೆ ಮೇಡಂ. ನಾನು ಹಲವು ವರ್ಷಗಳಿಂದ ಕರಡು ಮಾನದಂಡಗಳಿಗೆ ಅಭಿಪ್ರಾಯ ಬರೆದು ಕಳಿಸುತ್ತಿದ್ದೇನೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಪಿಎಂಐ ಶುರುವಾಗಿದ್ದು 1969ರಲ್ಲಿ, ಅಮೆರಿಕದಲ್ಲಿ. ಈ ವೃತ್ತಿಗೆ ಬೇಕಾದ ತಿಳಿವಳಿಕೆ ಏನು ಅಂತ ಅವರ ಸಮಿತಿ 1983ರಲ್ಲಿ ಒಂದು ವರದಿ ಕೊಟ್ಟಿತು. ಅದರಲ್ಲಿದ್ದದ್ದು ಆರೇ ವಿಷಯ: ವ್ಯಾಪ್ತಿ, ವೆಚ್ಚ, ಸಮಯ, ಗುಣಮಟ್ಟ, ಮಾನವ ಸಂಪನ್ಮೂಲ, ಸಂವಹನ. 1987ರಲ್ಲಿ ರಿಸ್ಕ್ ಮತ್ತು ಗುತ್ತಿಗೆ ಸೇರಿದವು. 1996ರಲ್ಲಿ ಇಂಟಿಗ್ರೇಷನ್.  ಮೊದಲು ಅಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ದೊಡ್ಡ ಕಟ್ಟಡ, ರಕ್ಷಣೆ, ಎಣ್ಣೆ ಕಂಪನಿಗಳ ಕಡೆಯವರು. ಹಾಗಾಗಿ ಶೆಡ್ಯೂಲ್, ವೆಚ್ಚ, ಕಾಂಟ್ರಾಕ್ಟ್ ಇವೇ ಮುಂದೆ ಬಂದವು. ಆಶ್ಚರ್ಯ ಇಲ್ಲ.

1999ರಲ್ಲಿ ಪಿಮ್‌ಬಾಕ್‌ಗೆ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಆನ್ಸಿಯ ಒಪ್ಪಿಗೆ ಸಿಕ್ಕಿತು. ಅಲ್ಲಿಂದ ಒಂದು ಕಟ್ಟುಪಾಡು ಬಂತು. ಮಾನದಂಡದ ಭಾಗವನ್ನು ಕರಡು ಹಂತದಲ್ಲಿ ಸಾರ್ವಜನಿಕರ ಮುಂದೆ ಇಡಬೇಕು. ಬಂದ ಅಭಿಪ್ರಾಯಗಳನ್ನು ಪರಿಶೀಲಿಸಬೇಕು. ತೀರ್ಮಾನ ಒಪ್ಪದವರಿಗೆ ಮೇಲ್ಮನವಿಗೆ ಅವಕಾಶ ಇರಬೇಕು. ಕರಡು ನೋಡಿ ಬರೆಯಲು ಪಿಎಂಪಿ ಸರ್ಟಿಫಿಕೇಟೇ ಬೇಕು ಅಂತ ಇಲ್ಲ.

ಇನ್ನು 2013ರ ಬದಲಾವಣೆ. ಅದರ ಹಿಂದಿನ ವರ್ಷವೇ ಐಎಸ್‌ಒ 21500 ಎಂಬ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಮಾನದಂಡ ಬಂದಿತ್ತು. ಅದು ಬೇರೆ ಬೇರೆ ದೇಶಗಳ ಮಾನಕ ಸಂಸ್ಥೆಗಳು ಸೇರಿ ಮಾಡಿದ್ದು. ಅದರ 10 ವಿಷಯ ಗುಂಪುಗಳಲ್ಲಿ ಸ್ಟೇಕ್‌ಹೋಲ್ಡರ್ ಒಂದು ಪ್ರತ್ಯೇಕ ಗುಂಪಾಗಿತ್ತು. ಮರುವರ್ಷ ಪಿಮ್‌ಬಾಕ್‌ನಲ್ಲೂ ಹತ್ತನೇ ಕ್ಷೇತ್ರ ಬಂತು. ಜೊತೆಗೆ ವ್ಯಾಖ್ಯಾನವೂ ಬದಲಾಯಿತು. ಮೊದಲು ಯೋಜನೆಯಲ್ಲಿ ತೊಡಗಿರುವವರು ಅಥವಾ ಅದರಿಂದ ಒಳಿತು ಕೆಡುಕು ಆಗುವವರು ಮಾತ್ರ ಸ್ಟೇಕ್‌ಹೋಲ್ಡರ್. 2013ರಿಂದ, ತನಗೆ ಇದರಿಂದ ಪರಿಣಾಮ ಆಗುತ್ತದೆ ಎಂದು ಭಾವಿಸುವವನೂ ಸ್ಟೇಕ್‌ಹೋಲ್ಡರ್. ಸೈಟ್ ಆಫೀಸಿಗೆ ಬಂದು "ನಮ್ಮ ಬೋರ್‌ವೆಲ್ ಬತ್ತುತ್ತೆ" ಅನ್ನುವವರನ್ನು ಲೆಕ್ಕ ತೋರಿಸಿ ವಾಪಸ್ ಕಳಿಸುವುದು ಇನ್ನು ಸಾಕಾಗುವುದಿಲ್ಲ. ಅವರ ಹೆಸರು ರಿಜಿಸ್ಟರಿಗೆ ಬರಬೇಕು. ನನ್ನ ಪ್ರಕಾರ ಅಷ್ಟೂ ಆವೃತ್ತಿಗಳಲ್ಲಿ ಅತಿ ದೊಡ್ಡ ಬದಲಾವಣೆ ಇದು.

ಸೈಟ್_ಹುಬ್ಬಳ್ಳಿ

ಸರ್, ನೀವು ಹೇಳಿದ್ದೆಲ್ಲ ಒಪ್ಪಿದೆ. ಆದರೆ ಪುಸ್ತಕ ಬದಲಾದರೆ ಸೈಟಿನಲ್ಲಿ ಏನ್ರೀ ಬದಲಾಯಿತು? ನಾನು ರಸ್ತೆ ಕೆಲಸದವನು. ಸ್ಟೇಕ್‌ಹೋಲ್ಡರ್ ರಿಜಿಸ್ಟರ್ ಅಂತ ಒಂದು ಎಕ್ಸೆಲ್ ಮಾಡುತ್ತೇವೆ. ಆಡಿಟ್ ಬಂದಾಗ ತೋರಿಸುತ್ತೇವೆ. ಆಮೇಲೆ ಅದನ್ನು ಯಾರೂ ತೆಗೆಯುವುದಿಲ್ಲ.

ಕೆಲಸ ನಿಲ್ಲುವುದು ಎಲ್ಲಿ ಗೊತ್ತಾ? ಕರೆಂಟ್ ಕಂಬ, ನೀರಿನ ಪೈಪ್, ಕೇಬಲ್ ಪಕ್ಕಕ್ಕೆ ಸರಿಸುವ ಕಡೆ. ಡ್ರಾಯಿಂಗಿನಲ್ಲಿ ಪೈಪ್ ಇಲ್ಲ, ಅಗೆದರೆ ಇದೆ. ಸರಿಸಬೇಕಾದ ಇಲಾಖೆ ಎಸ್ಟಿಮೇಟ್ ಕೊಡುವುದಕ್ಕೇ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ತಡ ಆಯಿತು ಅಂತ ದಂಡ ಬೀಳುವುದು ಗುತ್ತಿಗೆದಾರನಿಗೆ. ಆ ಇಲಾಖೆಯವರೂ ಸ್ಟೇಕ್‌ಹೋಲ್ಡರೇ ಅಲ್ವಾ? ನಮ್ಮ ಶೆಡ್ಯೂಲಿಗೆ ಅವರು ಎಂದೂ ಸಹಿ ಹಾಕಿಲ್ಲ. ಅಂಗಡಿಯವರ ವಿಷಯವೂ ಹೀಗೇ. ಅವರ ಬಾಗಿಲ ಮುಂದೆ ಅಗೆಯುವ ಹಿಂದಿನ ದಿನ ಹೋಗಿ ಹೇಳುತ್ತೇವೆ. ಬೈಸಿಕೊಳ್ಳುವುದು ಮೇಸ್ತ್ರಿ.

ಮಾನದಂಡ ಬರೆಯುವವರು ಒಂದು ಸಲ ಇಲ್ಲಿ ಬಂದು ನಿಂತು ನೋಡಲಿ.

ನಕ್ಷೆ_ಮತ್ತು_ಬೀದಿ (ಬೆಂಗಳೂರು)

ಹುಬ್ಬಳ್ಳಿ ಅಣ್ಣ, ನಿಮ್ಮ ಮಾತಿಗೆ ಬೆಂಗಳೂರಿನಲ್ಲೇ ಒಂದು ಉದಾಹರಣೆ ಇದೆ. ಟೆಂಡರ್‌ಶ್ಯೂರ್ ರಸ್ತೆಗಳು. ವಿಠ್ಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ನೋಡಿರಬಹುದು. ಅಲ್ಲಿ ಬದಲಾಗಿದ್ದು ಬರೀ ಫುಟ್‌ಪಾತ್ ಅಲ್ಲ, ಟೆಂಡರಿನ ಮಾನದಂಡವೇ ಬದಲಾಯಿತು. ನೀರು, ಒಳಚರಂಡಿ, ಕರೆಂಟ್, ಟೆಲಿಕಾಂ ಎಲ್ಲವೂ ಎಲ್ಲಿ, ಎಷ್ಟು ಆಳದಲ್ಲಿ ಹೋಗಬೇಕು ಅಂತ ಒಂದೇ ವಿನ್ಯಾಸದಲ್ಲಿ ಬರೆದರು. ಹೆಚ್ಚಿನ ಲೈನ್‌ಗಳನ್ನು ಫುಟ್‌ಪಾತ್ ಕೆಳಗೆ ತಂದು ಅಲ್ಲಲ್ಲಿ ಚೇಂಬರ್ ಇಟ್ಟರು. ರಿಪೇರಿಗೆ ರಸ್ತೆ ಅಗೆಯಬಾರದು ಅನ್ನುವುದೇ ಉದ್ದೇಶ. ಅದಕ್ಕೆ ಬೆಸ್ಕಾಂ, ಜಲಮಂಡಳಿ, ಸಂಚಾರ ಪೊಲೀಸ್ ಎಲ್ಲರ ಜೊತೆ ಮೊದಲೇ ಕೂರಬೇಕಾಯಿತು. ದುಡ್ಡು ಜಾಸ್ತಿ ಆಯಿತು, ತಡವೂ ಆಯಿತು. ಕಾರಿನವರು ರಸ್ತೆ ಕಿರಿದಾಯಿತು ಅಂತ ಬೇಸರ ಮಾಡಿಕೊಂಡರು. ಆದರೂ ನೀವು ಹೇಳಿದ ತೊಂದರೆಯನ್ನು ಟೆಂಡರ್ ಕಾಗದದ ಒಳಗೇ ಹಿಡಿಯಬಹುದು ಅನ್ನುವುದಕ್ಕೆ ಇದು ಸಾಕ್ಷಿ.

ಇದಕ್ಕೆ ಉಲ್ಟಾ ಉದಾಹರಣೆಯೂ ಇಲ್ಲೇ ಇದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಸ್ಟೀಲ್ ಫ್ಲೈಓವರ್. ಸುಮಾರು 6.7 ಕಿ.ಮೀ. ಉದ್ದ, 800ರಷ್ಟು ಮರ ಕಡಿಯಬೇಕಿತ್ತು. ಜನರ ಅಭಿಪ್ರಾಯ ಕೇಳಿದ್ದೇವೆ ಅಂತ ಹೇಳಿದರು. ಬಂದಿದ್ದ ಪ್ರತಿಕ್ರಿಯೆ 300ರ ಆಸುಪಾಸು. ಇಡೀ ಬೆಂಗಳೂರಿಗೆ 300! 2016ರ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತರು. ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಅಭಿಪ್ರಾಯ ಕೇಳಿದ ಶಾಸ್ತ್ರ ಕಾಗದದ ಮೇಲೆ ಮುಗಿದಿತ್ತು. ಜನರ ಮಟ್ಟಿಗೆ ಅದು ಶುರುವೇ ಆಗಿರಲಿಲ್ಲ.

ಸ್ಪ್ರಿಂಟ್_ಬೋರ್ಡ್

ಸಾಫ್ಟ್‌ವೇರ್ ಕಡೆಯಿಂದ ಒಂದು ಮಾತು. ಪಿಮ್‌ಬಾಕ್ ಬದಲಾಗಲು ನಮ್ಮವರೂ ಕಾರಣ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಅಜೈಲ್ (ಸಣ್ಣ ಸಣ್ಣ ಹಂತಗಳಲ್ಲಿ ಮಾಡಿ, ತಿದ್ದಿಕೊಂಡು ಹೋಗುವ ಕೆಲಸದ ರೀತಿ) ಮ್ಯಾನಿಫೆಸ್ಟೋ ಬರೆದರು. ಕಾಂಟ್ರಾಕ್ಟ್ ಚೌಕಾಸಿಗಿಂತ ಗ್ರಾಹಕನ ಜೊತೆ ಕೂಡಿ ಕೆಲಸ ಮಾಡುವುದು ಹೆಚ್ಚು ಅಂದರು. ಅದನ್ನು ಬರೆದದ್ದು ಯಾವ ಮಾನಕ ಸಂಸ್ಥೆಯೂ ಅಲ್ಲ, ಕೆಲಸ ಮಾಡುತ್ತಿದ್ದವರು. 2017ರಲ್ಲಿ ಆರನೇ ಆವೃತ್ತಿಯ ಜೊತೆಗೇ ಅಜೈಲ್ ಪ್ರಾಕ್ಟೀಸ್ ಗೈಡ್ ಬಂತು. 2021ರ ಜನವರಿಯಲ್ಲಿ ಬದಲಾದ ಪಿಎಂಪಿ ಪರೀಕ್ಷೆಯಲ್ಲಿ ಸುಮಾರು ಅರ್ಧ ಪ್ರಶ್ನೆಗಳು ಅಜೈಲ್ ಮತ್ತು ಹೈಬ್ರಿಡ್ (ಹಳೆಯ ಕ್ರಮ, ಅಜೈಲ್ ಎರಡೂ ಬೆರೆತದ್ದು) ಮೇಲೆ ಬಂದವು. ಅಂದರೆ ದೊಡ್ಡ ಗುಂಪು ಬೇರೆ ರೀತಿ ಕೆಲಸ ಮಾಡಲು ಶುರು ಮಾಡಿದರೆ ಮಾನದಂಡ ಹಿಂದೆ ಬರಲೇಬೇಕು.

ಏಳನೇ ಆವೃತ್ತಿ ಬಂದಾಗ ನಮಗೆ ಖುಷಿಯಾಗಿತ್ತು. ಕನ್‌ಸ್ಟ್ರಕ್ಷನ್ ಕಡೆಯ ಗೆಳೆಯರು ಮಾತ್ರ "ತತ್ವ ಸರಿ, ಸೋಮವಾರ ಬೆಳಿಗ್ಗೆ ಹೋಗಿ ಏನು ಮಾಡಲಿ?" ಅಂತ ಕೇಳುತ್ತಿದ್ದರು. ಎಂಟನೆಯದರಲ್ಲಿ ಪ್ರೋಸೆಸ್ ವಾಪಸ್ ಬಂದದ್ದು ನೋಡಿದರೆ ಅವರ ಮಾತಿಗೂ ಬೆಲೆ ಸಿಕ್ಕಿದೆ ಅನಿಸುತ್ತದೆ.

ವಡೋದರಾ_ಕನ್ನಡಿಗ

ಮೇಡಂ ಕೇಳಿದ ಕೊನೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಹೊಲ ಕಳೆದುಕೊಳ್ಳುವ ರೈತನ ಪರ ಯಾರು ಕೂತಿದ್ದಾರೆ? ಇದುವರೆಗೆ ಮಾತಾಡಿದ್ದೆಲ್ಲ ವೃತ್ತಿಯವರ ಕಥೆ. ಪುಸ್ತಕ ಓದುವವರು ಪುಸ್ತಕ ಬದಲಿಸಿದ ಕಥೆ. ಪುಸ್ತಕವನ್ನು ಕಣ್ಣಲ್ಲೂ ನೋಡದವರು ಜಗತ್ತಿನ ಮಾನದಂಡ ಬದಲಿಸಿದ ಕಥೆ ನಾನಿರುವ ಊರಿನ ಹತ್ತಿರವೇ ನಡೆದಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

1985ರಲ್ಲಿ ವಿಶ್ವಬ್ಯಾಂಕ್ ನರ್ಮದಾ ನದಿಯ ಸರ್ದಾರ್ ಸರೋವರ ಅಣೆಕಟ್ಟು ಯೋಜನೆಗೆ 45 ಕೋಟಿ ಡಾಲರ್ ನೆರವು ಒಪ್ಪಿಕೊಂಡಿತು. ಮುಳುಗುವ ಹಳ್ಳಿಗಳು ಗುಜರಾತ್, ಮಹಾರಾಷ್ಟ್ರ, ಮಧ್ಯಪ್ರದೇಶ ಮೂರರಲ್ಲೂ ಇದ್ದವು. ಅಲ್ಲಿದ್ದವರಲ್ಲಿ ತುಂಬಾ ಜನ ಆದಿವಾಸಿಗಳು. ಎಷ್ಟು ಮನೆ ಮುಳುಗುತ್ತವೆ, ಯಾರಿಗೆ ಎಲ್ಲಿ ಭೂಮಿ ಕೊಡುತ್ತಾರೆ ಅನ್ನುವುದು ಸಾಲಕ್ಕೆ ಸಹಿ ಬಿದ್ದಾಗಲೂ ಸರಿಯಾಗಿ ಗೊತ್ತಿರಲಿಲ್ಲ. ನರ್ಮದಾ ಬಚಾವೋ ಆಂದೋಲನ ಹುಟ್ಟಿದ್ದು ಇದೇ ಪ್ರಶ್ನೆ ಕೇಳುತ್ತಾ. 1990ರ ಕೊನೆಯಲ್ಲಿ ಸಾವಿರಾರು ಜನ ಅಣೆಕಟ್ಟಿನ ಕಡೆ ನಡೆದು ಹೊರಟರು. ಗುಜರಾತ್ ಗಡಿಯ ಫೇರ್‌ಕುವಾ ಹತ್ತಿರ ಅವರನ್ನು ತಡೆದರು. ಮೇಧಾ ಪಾಟ್ಕರ್ ಮತ್ತು ಜೊತೆಯವರು ಅಲ್ಲೇ ಉಪವಾಸ ಕೂತರು.

1991ರಲ್ಲಿ ಬ್ಯಾಂಕ್ ತನ್ನದೇ ಯೋಜನೆಯ ಮೇಲೆ ಹೊರಗಿನವರಿಂದ ಪರಿಶೀಲನೆ ಮಾಡಿಸಲು ಒಪ್ಪಿತು. ಇದಕ್ಕೆ ಮೊದಲು ಬ್ಯಾಂಕ್ ಹಾಗೆ ಮಾಡಿದ್ದೇ ಇಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದ ಬ್ರಾಡ್‌ಫರ್ಡ್ ಮೋರ್ಸ್ ಅಧ್ಯಕ್ಷರು. ತಂಡ ಕಣಿವೆಯ ಹಳ್ಳಿಗಳಿಗೇ ಹೋಗಿ ಜನರ ಜೊತೆ ಮಾತಾಡಿತು. 1992ರ ಜೂನ್‌ನಲ್ಲಿ ಬಂದ ವರದಿ, ಪುನರ್ವಸತಿ ಮತ್ತು ಪರಿಸರದ ವಿಷಯದಲ್ಲಿ ಬ್ಯಾಂಕ್ ತನ್ನದೇ ನಿಯಮಗಳನ್ನು ಪಾಲಿಸಿಲ್ಲ ಅಂತ ನೇರವಾಗಿ ಹೇಳಿತು. ಬ್ಯಾಂಕ್ ಒಂದು ಹೆಜ್ಜೆ ಹಿಂದೆ ಸರಿಯಬೇಕು ಅಂತ ಸಲಹೆ ಕೊಟ್ಟಿತು. 1993ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ಉಳಿದ ಸಾಲ ಬೇಡ ಅಂದಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಿಶ್ವಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಪ್ಯಾನೆಲ್ ಹುಟ್ಟಿತು. ಬ್ಯಾಂಕ್ ಹಣದ ಯೋಜನೆಯಿಂದ ತೊಂದರೆಯಾದ ಇಬ್ಬರು ಸೇರಿದರೂ ಸಾಕು, ಅಲ್ಲಿಗೆ ದೂರು ಕೊಡಬಹುದು.

ಅಣೆಕಟ್ಟು ನಿಲ್ಲಲಿಲ್ಲ. ನಮ್ಮದೇ ಹಣದಲ್ಲಿ ಮುಗಿದು 2017ರಲ್ಲಿ ಉದ್ಘಾಟನೆಯಾಯಿತು. ಕಚ್ಛ್, ಸೌರಾಷ್ಟ್ರದ ಒಣ ಊರುಗಳಿಗೆ ಆ ನೀರು ಹೋಗುತ್ತಿದೆ. ಅಲ್ಲಿನವರೂ ಈ ಯೋಜನೆಯ ಸ್ಟೇಕ್‌ಹೋಲ್ಡರ್‌ಗಳೇ, ಅವರ ಬಾಯಾರಿಕೆಯೂ ನಿಜ. ಆದರೆ ಕಣಿವೆಯವರ ಹೋರಾಟದಿಂದ ಹುಟ್ಟಿದ ದಾರಿ ಮುಚ್ಚಲಿಲ್ಲ. 2018ರ ಅಕ್ಟೋಬರ್‌ನಿಂದ ವಿಶ್ವಬ್ಯಾಂಕಿನ ಹೊಸ ಪರಿಸರ ಮತ್ತು ಸಾಮಾಜಿಕ ಚೌಕಟ್ಟು ಜಾರಿಯಲ್ಲಿದೆ. ಅದರಲ್ಲಿ 10 ಮಾನದಂಡಗಳು. ಹತ್ತನೆಯದು ಪೂರ್ತಿ ಸ್ಟೇಕ್‌ಹೋಲ್ಡರ್‌ಗಳ ಜೊತೆಗಿನ ಮಾತುಕತೆ ಮತ್ತು ಮಾಹಿತಿ ಬಹಿರಂಗದ ಬಗ್ಗೆ. ಯೋಜನೆ ಶುರುವಿನಿಂದ ಮುಗಿಯುವವರೆಗೂ ಮಾತುಕತೆ ನಡೆಯಬೇಕು, ದೂರು ಕೇಳುವ ವ್ಯವಸ್ಥೆ ಇರಬೇಕು, ದುರ್ಬಲರನ್ನು ಹುಡುಕಿಕೊಂಡು ಹೋಗಿ ಕೇಳಬೇಕು.

ಪುಸ್ತಕದ ಮಾನದಂಡ ಬರೆಯುವಾಗ ರೈತ ಅಲ್ಲಿರುವುದಿಲ್ಲ. ಅವನು ಬೀದಿಗೆ ಬಂದಾಗ ಮಾತ್ರ ಕೇಳಿಸಿಕೊಂಡಿದ್ದಾರೆ. ಅದಕ್ಕೆ ಅವನು ಕೊಟ್ಟ ಬೆಲೆ ತುಂಬಾ ದೊಡ್ಡದು. ಕರಡು ಹಂತದಲ್ಲೇ ಅವನ ಮಾತು ಬರೆಯುವವರು ಇದ್ದಿದ್ದರೆ ಅಷ್ಟು ಬೆಲೆ ಕೊಡಬೇಕಾಗಿರಲಿಲ್ಲ.

ಸೈಟ್_ಹುಬ್ಬಳ್ಳಿ

ವಡೋದರಾ ಸರ್, ಇದನ್ನು ಎರಡು ಸಲ ಓದಿದೆ. ನಮ್ಮ ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್‌ಗೂ (ಬಸ್ಸುಗಳಿಗೇ ಬೇರೆ ಪಥ ಇರುವ ಯೋಜನೆ) ವಿಶ್ವಬ್ಯಾಂಕಿನ ನೆರವು ಇತ್ತು. ಅದಕ್ಕೆ ಪುನರ್ವಸತಿ ಯೋಜನೆ, ಜನರ ಜೊತೆ ಸಭೆ ಅಂತೆಲ್ಲ ಬರೆಯಬೇಕಾಗಿತ್ತು. ಅಂಥ ನಿಯಮಗಳಿಗೆ ನರ್ಮದಾ ಕಣಿವೆಯ ಜನ ಎಷ್ಟು ಕಷ್ಟಪಟ್ಟಿದ್ದಾರೆ ಅಂತ ಇವತ್ತು ಗೊತ್ತಾಯಿತು. ಬರೀ ರಾಜ್ಯದ ದುಡ್ಡಿನ ರಸ್ತೆಗೆ ಅಷ್ಟು ಕೇಳುವವರಿಲ್ಲ. ಅದೇ ಊರು, ಅದೇ ಅಂಗಡಿ, ಅದೇ ಜನ. ದುಡ್ಡು ಎಲ್ಲಿಂದ ಬಂತು ಅನ್ನುವುದರ ಮೇಲೆ ಅವರ ಹಕ್ಕು ಬದಲಾಗಬಾರದು.

ಕಾನೂನು_ಓದು (ಶಿವಮೊಗ್ಗ)

ಕರಡು ಹಂತದಲ್ಲೇ ಬರೆಯಬೇಕು ಅಂದಿರಿ, ಸರಿ. ಕರಡು ಯಾವ ಭಾಷೆಯಲ್ಲಿದೆ ಅನ್ನುವುದನ್ನೂ ನೋಡಬೇಕು. ಪರಿಸರ ಪರಿಣಾಮ ಮೌಲ್ಯಮಾಪನದ 2020ರ ಕರಡು ಅಧಿಸೂಚನೆ ನೆನಪಿದೆಯಾ? ಗಣಿ, ಅಣೆಕಟ್ಟು, ಹೆದ್ದಾರಿಗೆ ಯಾವ ಪರಿಶೀಲನೆ ಬೇಕು, ಸಾರ್ವಜನಿಕ ಅಹವಾಲು ಸಭೆಗೆ ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು ಅನ್ನುವುದೆಲ್ಲ ಅದರಲ್ಲಿತ್ತು. ನೋಟಿಸ್ ಅವಧಿಯನ್ನು 30 ದಿನದಿಂದ 20 ದಿನಕ್ಕೆ ಇಳಿಸುವ ಪ್ರಸ್ತಾಪವಿತ್ತು. ಕರಡು ಬಂದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಅದೂ ಲಾಕ್‌ಡೌನ್ ಹೊತ್ತಿನಲ್ಲಿ. ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದ ಮಾಡಿಸಿ ಅಂತ ದೆಹಲಿ ಹೈಕೋರ್ಟ್ 2020ರ ಜೂನ್ 30ರಂದು ಹೇಳಿತು. ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ಪಶ್ಚಿಮ ಘಟ್ಟದ ಹಳ್ಳಿಯವರು ಕನ್ನಡದಲ್ಲಿ ಓದಿ ಕನ್ನಡದಲ್ಲೇ ಬರೆಯುವಂತಿರಬೇಕು. ಅದು ಉಪಕಾರ ಅಲ್ಲ, ಹಕ್ಕು.

ಮೈಸೂರು_ಪ್ಲಾನರ್

ಎಲ್ಲರಿಗೂ ತುಂಬಾ ಧನ್ಯವಾದ. ನಾನು ಪರೀಕ್ಷೆಯ ದೃಷ್ಟಿಯಿಂದ ಕೇಳಿದ್ದೆ, ನೀವು ಅದನ್ನು ಬಹಳ ದೂರ ತೆಗೆದುಕೊಂಡು ಹೋದಿರಿ. ಈಗ ಕೆಲಸಕ್ಕೆ ಬರುವಂಥ ಪ್ರಶ್ನೆ. ನಮ್ಮಂಥವರು ಎಲ್ಲಿ, ಹೇಗೆ ಬರೆಯಬೇಕು? ಅಮೆರಿಕದ ಪುಸ್ತಕಕ್ಕಿಂತ ಮೊದಲು ನಮ್ಮ ದೇಶದ್ದೇ ನೋಡೋಣ ಅಂತಿದ್ದೇನೆ.

ಕರಡು_ಓದುಗ (ಬೆಂಗಳೂರು)

ಸರಿಯಾದ ಜಾಗ ಅದೇ ಮೇಡಂ. ನಮ್ಮಲ್ಲಿ ಕಟ್ಟಡ ಯೋಜನೆಗಳ ನಿರ್ವಹಣೆಗೆ ಐಎಸ್ 15883 ಅನ್ನುವ ಸರಣಿ ಇದೆ. ಮೊದಲ ಭಾಗ 2009ರಲ್ಲಿ ಬಂತು. ಸಮಯ, ವೆಚ್ಚ ಇಂಥ ವಿಷಯಗಳಿಗೆ ಆಮೇಲೆ ಬೇರೆ ಬೇರೆ ಭಾಗಗಳು ಬಂದಿವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಏಳನೇ ಭಾಗವೂ ನಿರ್ಮಾಣ ನಿರ್ವಹಣೆ ಮತ್ತು ಸುರಕ್ಷತೆಯದೇ. ಇವನ್ನು ಮಾಡುವುದು ಭಾರತೀಯ ಮಾನಕ ಬ್ಯೂರೋ, ನಾವು ಬಿಐಎಸ್ ಅನ್ನುತ್ತೇವಲ್ಲ ಅದೇ. ಹೊಸದು ಬರೆದಾಗ, ಹಳೆಯದು ತಿದ್ದಿದಾಗ ಕರಡನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಬಿಡುತ್ತಾರೆ. ವೆಬ್‌ಸೈಟಿನಲ್ಲಿ ಸಿಗುತ್ತದೆ, ಕೊನೆಯ ದಿನಾಂಕ ಕರಡಿನ ಮೇಲೇ ಇರುತ್ತದೆ. ಐಎಸ್‌ಒ ಮಾನದಂಡಗಳಿಗೆ ಭಾರತದ ಮತ ಹೋಗುವುದೂ ಬಿಐಎಸ್ ಮೂಲಕವೇ. ಐಎಸ್‌ಒದಲ್ಲೂ ಐದು ವರ್ಷಕ್ಕೊಮ್ಮೆ ಮರುಪರಿಶೀಲನೆ ಇದೆ. 2012ರ 21500ರ ಮಾರ್ಗದರ್ಶನ 2020ರಲ್ಲಿ 21502 ಆಗಿ ಬಂದದ್ದು ಹಾಗೇ.

ಬರೆಯುವ ಕ್ರಮ ಸುಲಭ. ಯಾವ ಕಲಂ, ಯಾವ ಪ್ಯಾರಾ. ಅಭಿಪ್ರಾಯ ತಾಂತ್ರಿಕವೋ, ಸಾಮಾನ್ಯವೋ, ಬರೀ ಭಾಷೆಯ ತಿದ್ದುಪಡಿಯೋ. ಏನು ತೊಂದರೆ. ಅದರ ಬದಲು ಯಾವ ವಾಕ್ಯ ಇರಬೇಕು. ಈ ಕೊನೆಯದನ್ನೇ ಜನ ಬಿಡುತ್ತಾರೆ. "ಇದು ಸರಿಯಿಲ್ಲ" ಅಂತ ಸುಮ್ನೆ ಬರೆದರೆ ಸಮಿತಿ ಏನೂ ಮಾಡಲು ಆಗುವುದಿಲ್ಲ. ವಾಕ್ಯ ಬರೆದುಕೊಟ್ಟರೆ ಒಪ್ಪಲೇಬೇಕು, ಇಲ್ಲವೇ ಯಾಕೆ ಒಪ್ಪಲಿಲ್ಲ ಅಂತ ಯೋಚಿಸಬೇಕು. ಸಮಿತಿಗಳಲ್ಲಿ ದೊಡ್ಡ ಕಂಪನಿ, ಸರ್ಕಾರಿ ಇಲಾಖೆ, ಐಐಟಿ ಕಡೆಯವರು ಇರುತ್ತಾರೆ. ಸೈಟ್ ಇಂಜಿನಿಯರ್ ಬರೆದ ಒಂದು ಗಟ್ಟಿಯಾದ ಪ್ಯಾರಾ ಅಲ್ಲಿಗೆ ಬರುವುದು ಅಪರೂಪ. ಬಂದರೆ ಓದುತ್ತಾರೆ.

ಸೈಟ್_ಹುಬ್ಬಳ್ಳಿ

ಹಾಗಾದರೆ ನಾನೇ ಶುರು ಮಾಡುತ್ತೇನೆ. ತಿದ್ದಿ ಕೊಡಿ.

ತೊಂದರೆ: ಕೆಲಸದ ಜಾಗದಲ್ಲಿ ಬೇರೆ ಇಲಾಖೆಗಳ ಕಂಬ, ಪೈಪ್, ಕೇಬಲ್ ಸರಿಸುವ ಕೆಲಸ ಗುತ್ತಿಗೆದಾರನ ಕೈಯಲ್ಲಿಲ್ಲ. ಆದರೂ ತಡದ ಹೊಣೆ ಅವನ ಮೇಲೆ ಬೀಳುತ್ತದೆ.

ಇರಬೇಕಾದ ವಾಕ್ಯ: ಟೆಂಡರ್ ಕರೆಯುವ ಮೊದಲು ಜಾಗದ ಎಲ್ಲ ಸೇವಾ ಸಂಸ್ಥೆಗಳ ಜೊತೆ ಜಂಟಿ ಸಮೀಕ್ಷೆ ಮಾಡಬೇಕು. ನೆಲದಡಿಯ ಲೈನ್‌ಗಳನ್ನು ಅಲ್ಲಲ್ಲಿ ಗುಂಡಿ ತೆಗೆದು ಖಚಿತ ಮಾಡಿಕೊಳ್ಳಬೇಕು. ಸರಿಸುವ ದಿನಾಂಕಗಳಿಗೆ ಆಯಾ ಸಂಸ್ಥೆ ಲಿಖಿತ ಒಪ್ಪಿಗೆ ಕೊಡಬೇಕು, ಅದು ಮುಖ್ಯ ಶೆಡ್ಯೂಲಿನ ಭಾಗವಾಗಬೇಕು. ರಸ್ತೆಬದಿಯ ಅಂಗಡಿ, ಮನೆಯವರಿಗೆ ಅಗೆಯುವ ದಿನವನ್ನು ಕನಿಷ್ಠ 15 ದಿನ ಮೊದಲು ಅವರ ಭಾಷೆಯಲ್ಲಿ ಬರೆದು ತಿಳಿಸಬೇಕು.

ಕರಡು_ಓದುಗ (ಬೆಂಗಳೂರು)

ತುಂಬಾ ಚೆನ್ನಾಗಿದೆ. ಎರಡು ಮಾತು. 15 ದಿನ ಯಾಕೆ, 10 ಯಾಕಲ್ಲ ಅಂತ ಕೇಳುತ್ತಾರೆ, ಅದಕ್ಕೆ ಒಂದು ಸಾಲು ಕಾರಣ ಬೇಕು. ಲೈನ್ ಸರಿಸಲು ನಿಜಕ್ಕೂ ಎಷ್ಟು ಕಾಲ ಹಿಡಿಯಿತು ಅಂತ ನಿಮ್ಮ ಸೈಟ್ ಡೈರಿಯಿಂದ ತೆಗೆದು ಹಾಕಿದರೆ ಇನ್ನೂ ಗಟ್ಟಿಯಾಗುತ್ತದೆ.

ಸೈಟ್_ಹುಬ್ಬಳ್ಳಿ

ಅಂಗಡಿಯವರಿಗೆ ಸರಕು ತರಿಸುವುದು, ಬೇರೆ ಗೋಡೌನ್ ನೋಡಿಕೊಳ್ಳುವುದು ಅಂತ ಇರುತ್ತದೆ ಸರ್. ವಾರ ಸಾಲುವುದಿಲ್ಲ ಅಂತ ಅವರೇ ಹೇಳಿದ್ದು. ಅವರನ್ನು ಇನ್ನೊಮ್ಮೆ ಕೇಳಿ ಬರೆಯುತ್ತೇನೆ. ಡೈರಿಗಳು ಸ್ಟೋರ್‌ನಲ್ಲಿವೆ, ಭಾನುವಾರ ತೆಗೆಯುತ್ತೇನೆ.

ಮೈಸೂರು_ಪ್ಲಾನರ್

ಪೈಪ್‌ಲೈನ್ ಹಾದು ಹೋಗುವ ಹೊಲದವರ ಬಗ್ಗೆ ಇದೇ ನಮೂನೆಯಲ್ಲಿ ನಾನು ಬರೆಯುತ್ತೇನೆ. ಬೆಳೆ ಕೊಯ್ಲಿನ ತಿಂಗಳು ನೋಡಿ ಅಗೆಯುವ ದಿನ ಇಡಬೇಕು ಅನ್ನುವುದು ಮೊದಲ ಸಾಲು. ಶಿವಮೊಗ್ಗದವರೇ, ಕನ್ನಡದಲ್ಲಿ ಕಳಿಸಿದ ಅಭಿಪ್ರಾಯವನ್ನೂ ದಾಖಲಿಸಬೇಕು ಅನ್ನುವ ಭಾಗ ನೀವು ಬರೆದುಕೊಡಿ. ಮೂರನ್ನೂ ಇಲ್ಲೇ ಹಾಕಿ, ಎಲ್ಲರೂ ತಿದ್ದೋಣ.